ಅರವತ್ತು ಪಾಲು ಬಿಟ್ಟುಕೊಡದ ಟೇಲರಮ್ಮ

ಹೋದ ತಿಂಗಳು ಜೇವರ್ಗಿಯ ತಾಯಿಯೊಬ್ಬರು ಕೇಳಿದ್ದರು: "ಮಗಳು ಬರೀ ಹೊಲಿಗೆ ಕಲೀತೀನಿ ಅಂತಾಳೆ, ಅದರಿಂದ ಬಾಳು ನಡೆಯುತ್ತಾ?" ಉತ್ತರದ ಕೊನೆಗೆ ನಾನು ನೈಜೀರಿಯಾ ದೇಶದ ಫೊಲೊರುನ್ಶೊ ಅಲಾಕಿಜಾ ಅವರ ಹೆಸರು ಹೇಳಿದ್ದೆ. ಬಟ್ಟೆ ಹೊಲಿಯುವ ಅಂಗಡಿಯಿಂದ ಹೊರಟು ಸಮುದ್ರದ ಕಚ್ಚಾ ಎಣ್ಣೆ ಬಾವಿ ಮುಟ್ಟಿದವರು ಅಂತ ಒಂದೇ ಸಾಲು. ಆ ಒಂದು ಸಾಲಿಗೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರದೇ. ಪತ್ರ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಯಾರ್ರೀ ಈ ಅಲಾಕಿಜಾ? ಒಂದು ಸಾಲು ಹೇಳಿ ಬಿಟ್ಟರೆ ಹೆಂಗ್ರೀ? ಮೊದಲಿಂದ ಹೇಳ್ರಿ. (ಆಳಂದ)

ಉತ್ತರ: ಹೇಳ್ತೀನಿ ಸರ್. 1951ರ ಜುಲೈ 15ರಂದು ಇಕೊರೊಡು ಎಂಬ ಊರಲ್ಲಿ ಹುಟ್ಟಿದರು. ಅದು ಲಾಗೋಸ್ ನಗರದ ಪಕ್ಕದ ಊರು. ಅಲ್ಲಿಯ ಜನ ಮಾತಾಡುವುದು ಯೊರುಬಾ ಭಾಷೆ. ತಂದೆ ಊರಿನ ಮುಖಂಡರು, ಮುಸ್ಲಿಮರು. ಅವರಿಗೆ 8 ಮಂದಿ ಹೆಂಡತಿಯರು, 52 ಮಕ್ಕಳು. ತಪ್ಪಾಗಿ ಅಚ್ಚಾಗಿಲ್ಲ, ಐವತ್ತೆರಡೇ. ಅಷ್ಟು ಮಕ್ಕಳಲ್ಲಿ ಇವರು ಎಂಟನೆಯವರು. ತಾಯಿ ಬಟ್ಟೆ ವ್ಯಾಪಾರ ಮಾಡುತ್ತಿದ್ದರು. ಆ ದೇಶದ ಕಡೆ ಸಂತೆ, ಬಜಾರು, ಬಟ್ಟೆ ವ್ಯಾಪಾರ ಬಹಳ ಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲೇ ಇದೆ. ಥಾನು ಬಿಚ್ಚುವುದು, ಅಳೆಯುವುದು, ದರ ಕುದುರಿಸುವುದು ಎಲ್ಲಾ ಅವರೇ.

ಏಳು ವರ್ಷಕ್ಕೆ ಅವರನ್ನು ಬ್ರಿಟನ್ನಿನ ವೇಲ್ಸ್‌ನಲ್ಲಿದ್ದ ಹೆಣ್ಣುಮಕ್ಕಳ ವಸತಿ ಶಾಲೆಗೆ ಕಳಿಸಿದರು. ನಾಲ್ಕು ವರ್ಷ ಅಲ್ಲಿ ಓದಿ ವಾಪಸ್ ಬಂದು ಸಾಗಾಮು ಊರಿನ ಮುಸ್ಲಿಂ ಹೈಸ್ಕೂಲು ಸೇರಿದರು. ಆಮೇಲೆ ಮತ್ತೆ ಲಂಡನ್ನಿಗೆ ಹೋದರು. ಈ ಸಲ ಕಲಿತದ್ದು ಸೆಕ್ರೆಟರಿ ಕೆಲಸ. ನಮ್ಮ ಕಲಬುರಗಿಯಲ್ಲೂ ಒಂದು ಕಾಲಕ್ಕೆ ಎಷ್ಟೊಂದು ಜನ ಟೈಪಿಂಗ್ ಕ್ಲಾಸಿಗೆ ಹೋಗಿ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಕಲಿತು ಕಚೇರಿ ನೌಕರಿ ಹಿಡಿದರಲ್ವಾ, ಇವರು ಕಲಿತದ್ದೂ ಲಂಡನ್ನಿನ ಪಿಟ್‌ಮನ್ ಕಾಲೇಜಿನಲ್ಲೇ. 1974ರಲ್ಲಿ ಲಾಗೋಸ್‌ನ ಒಂದು ಕಂಪನಿಯಲ್ಲಿ ಸೆಕ್ರೆಟರಿ ಆದರು. ಅಲ್ಲಿಂದ ಬ್ಯಾಂಕಿಗೆ ಹೋಗಿ ವರ್ಷಗಟ್ಟಲೆ ದುಡಿದರು.

1976ರಲ್ಲಿ ವಕೀಲರಾದ ಮೊಡುಪೆ ಅಲಾಕಿಜಾ ಅವರನ್ನು ಮದುವೆಯಾದರು. ನಾಲ್ಕು ಮಂದಿ ಗಂಡುಮಕ್ಕಳು. ಬ್ಯಾಂಕು ಬಿಟ್ಟು ಹೊಲಿಗೆಗೆ ಬಂದರು, ಹೊಲಿಗೆಯಿಂದ ಎಣ್ಣೆಗೆ ಹೋದರು, ಎಣ್ಣೆಯ ದುಡ್ಡಿನಿಂದ ಗಂಡ ತೀರಿಕೊಂಡ ಹೆಣ್ಣುಮಕ್ಕಳಿಗಾಗಿ ಒಂದು ಸಂಸ್ಥೆ ಕಟ್ಟಿದರು. ಇದಿಷ್ಟು ಮೇಲ್ಮೇಲಿನ ಕಥೆ. ಒಳಗಿನದನ್ನು ಮುಂದಿನ ಪತ್ರಗಳು ಕೇಳಿವೆ.

ಪ್ರಶ್ನೆ: ನಮ್ಮ ಕೋಚಿಂಗ್ ಕ್ಲಾಸಿನ ಸರ್ ಈಕೆ ಕಡುಬಡವಿ ಆಗಿದ್ದರು, ಏನೂ ಇಲ್ಲದೆ ಮೇಲೆ ಬಂದರು ಅಂದರು. ನಿಜವಾ? (ಪದವಿ ವಿದ್ಯಾರ್ಥಿನಿ, ಬೀದರ್)

ಉತ್ತರ: ಇಲ್ಲಮ್ಮ. 1950ರ ದಶಕದಲ್ಲಿ ಏಳು ವರ್ಷದ ಮಗಳನ್ನು ವೇಲ್ಸ್‌ಗೆ ಕಳಿಸಿ ಓದಿಸುವುದು ಬಡವರ ಮನೆಯಲ್ಲಿ ಆಗುವ ಮಾತಲ್ಲ. ಅನುಕೂಲಸ್ಥರ ಮನೆಯ ಮಗಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಗಂಡ ವಕೀಲರು. ಇವೆಲ್ಲ ದೊಡ್ಡ ಬೆಂಬಲ, ಅದನ್ನು ಬಿಟ್ಟು ಕಥೆ ಹೇಳಿದರೆ ನಿನ್ನಂಥ ಮಕ್ಕಳಿಗೆ ಮೋಸ ಮಾಡಿದ ಹಾಗೆ. ನಾಳೆ ನಿನಗೆ ಒಂದು ಕೆಲಸ ಕೈಗೂಡದೆ ಹೋದರೆ, "ಅವರು ಏನೂ ಇಲ್ಲದೆ ಮಾಡಿದರು, ನನ್ನ ಕೈಲಿ ಆಗಲಿಲ್ಲ" ಅಂತ ಸುಮ್ನೆ ನಿನ್ನನ್ನೇ ಬೈದುಕೊಳ್ಳುತ್ತೀಯ. ಅದು ಬೇಡ.

ಆದರೆ ಒಂದು ಮಾತು ನಿನಗೆ ಬೇಕಾದದ್ದಿದೆ. ಅವರು ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರಲ್ಲ. ಅದನ್ನು ಮುಚ್ಚಿಟ್ಟವರೂ ಅಲ್ಲ, ವಿದ್ಯಾರ್ಥಿಗಳು ತುಂಬಿದ ಸಭೆಯಲ್ಲೇ ಹೇಳಿಕೊಂಡಿದ್ದಾರೆ. 2016ರಲ್ಲಿ ಒಸುನ್ ರಾಜ್ಯ ವಿಶ್ವವಿದ್ಯಾಲಯ ಅವರನ್ನೇ ಚಾನ್ಸೆಲರ್ ಮಾಡಿತು. ಇದನ್ನು ಓದಿ ನೀನು ಡಿಗ್ರಿ ಬಿಡಬೇಡ ಮತ್ತೆ! ಅವರ ಹತ್ತಿರ ಡಿಗ್ರಿ ಇರಲಿಲ್ಲ, ಆದರೆ ಕಲಿಕೆ ಯಾವತ್ತೂ ನಿಂತಿರಲಿಲ್ಲ. ಬ್ಯಾಂಕಿನಲ್ಲಿ ಒಳ್ಳೆ ಜಾಗಕ್ಕೆ ಬಂದಮೇಲೆ ಮತ್ತೆ ಲಂಡನ್ನಿಗೆ ಹೋಗಿ ಬಟ್ಟೆ ಕತ್ತರಿಸುವುದನ್ನು ಅ ಆ ಇ ಈ ಇಂದ ಕಲಿತರು.

ಪ್ರಶ್ನೆ: ಅಕ್ಕಾ, ನಾನೂ ಟೇಲರ್. ಮನೆಯಲ್ಲೇ ಎರಡು ಮಷಿನ್ ಇಟ್ಟಿದ್ದೇನೆ. ಜಂಪರ್, ಫಾಲ್, ಪೀಕೋ ಎಲ್ಲಾ ಮಾಡ್ತೀನಿ. ಹನ್ನೊಂದು ವರ್ಷ ಆಯ್ತು, ಕೈಯಲ್ಲಿ ಏನೂ ನಿಂತಿಲ್ಲ. ಆಕೆ ಹೊಲಿಗೆಯಿಂದ ಹೆಂಗ ಮ್ಯಾಲ ಬಂದರು? (ಬ್ರಹ್ಮಪುರ, ಕಲಬುರಗಿ)

ಉತ್ತರ: ತಂಗಿ, ನಿನ್ನ ಪತ್ರದ ಜೊತೆ ಒಂದು ಎಳೆ ದಾರವೂ ಸಿಕ್ಕಿಕೊಂಡು ಬಂದಿತ್ತು, ಹಸಿರು ದಾರ. ಅದನ್ನು ನೋಡಿ ನನಗೆ ನಮ್ಮವ್ವನ ನೆನಪಾಯಿತು. ನಮ್ಮವ್ವನೂ ಹೊಲಿಯುತ್ತಿದ್ದಳು. ನಾಗರಪಂಚಮಿ, ದೀಪಾವಳಿ ಬಂತೆಂದರೆ ಮನೆ ತುಂಬ ಗಂಟುಗಳು. ಒಂದು ಉದ್ದ ನೋಟ್‌ಬುಕ್ ಇತ್ತು. ಯಾರ ಬಟ್ಟೆ ಬಂದರೂ ಮೊದಲು ಅಂಚಿನಿಂದ ಬೆರಳಗಲದ ಚೂರು ಕತ್ತರಿಸಿ ಹಾಳೆಗೆ ಟಾಚಣಿ ಚುಚ್ಚುವಳು, ಅದರ ಕೆಳಗೆ ಹೆಸರು, ಅಳತೆ, ಕೊಡುವ ದಿನ, ಬಂದ ಮುಂಗಡ. ಬಟ್ಟೆ ಕೊಟ್ಟಮೇಲೆ ಪೂರ್ತಿ ದುಡ್ಡು ಬಂದರೆ ಅಡ್ಡಗೆರೆ ಎಳೆಯುವಳು. ಗೆರೆ ಬೀಳದ ಹಾಳೆಗಳು ಬಹಳ ಇದ್ದವು. ಅದನ್ನು ನೋಡಿ ನೋಡಿ ನಿಟ್ಟುಸಿರು ಬಿಡುತ್ತಿದ್ದಳೇ ಹೊರತು ಹೋಗಿ ಕೇಳುತ್ತಿರಲಿಲ್ಲ. "ಮಗ್ಗುಲ ಮನಿಯವರು, ಹೆಂಗ ಕೇಳೋದು" ಅನ್ನುತ್ತಿದ್ದಳು.

ಅಲಾಕಿಜಾ ಅವರು ಹೊಲಿಗೆಗೆ ಬರುವ ಹೊತ್ತಿಗೆ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೂತು ದುಡ್ಡಿನ ಲೆಕ್ಕ ನೋಡಿದ್ದರು. ನನ್ನ ಪ್ರಕಾರ ಇದೇ ದೊಡ್ಡ ವ್ಯತ್ಯಾಸ. ಕೈಗೆಲಸ ನಮ್ಮವ್ವನದೂ ಚೆನ್ನಾಗಿತ್ತು, ನಿನ್ನದೂ ಇರಬಹುದು. ಅವರು ಅಂಗಡಿಗೆ ಸುಪ್ರೀಂ ಸ್ಟಿಚಸ್ ಅಂತ ಹೆಸರಿಟ್ಟರು. ಯಾರಿಗೆ ಹೊಲಿಯಬೇಕು ಎನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು: ಲಾಗೋಸ್‌ನ ಉಳ್ಳವರ ಮನೆಯ ಹೆಂಗಸರು. ಒಂದೊಂದೇ ಬಟ್ಟೆ, ಒಳ್ಳೆ ದರ. 1986ರಲ್ಲಿ ಆ ದೇಶದ ವರ್ಷದ ಅತ್ಯುತ್ತಮ ವಿನ್ಯಾಸಗಾರ್ತಿ ಅಂತ ಪ್ರಶಸ್ತಿ ಬಂತು. ಆಮೇಲೆ ಅಂಗಡಿಯ ಹೆಸರು ರೋಸ್ ಆಫ್ ಶರನ್ ಎಂದಾಯಿತು. ದೇಶದ ವಸ್ತ್ರ ವಿನ್ಯಾಸಗಾರರ ಸಂಘಕ್ಕೂ ಅವರೇ ಅಧ್ಯಕ್ಷರಾದರು.

ಇನ್ನೊಂದು ಮಾತು. ಆ ಜನರಲ್ಲಿ ಅಸೋ ಎಬಿ ಅಂತ ಒಂದು ಪದ್ಧತಿ ಇದೆ. ಮದುವೆ ಇರಲಿ, ಹಿರಿಯರ ಮಣ್ಣಿನ ಕಾರ್ಯ ಇರಲಿ, ಬಂಧು ಬಳಗದವರೆಲ್ಲ ಒಂದೇ ಥರದ ಬಟ್ಟೆ ಹೊಲಿಸಿಕೊಂಡು ಬರುತ್ತಾರೆ. ತಲೆಗೆ ಗೆಲೆ ಅಂತ ಬಟ್ಟೆ ಕಟ್ಟುತ್ತಾರೆ, ನಮ್ಮ ಕಡೆ ಮದುವೆಯಲ್ಲಿ ಬೀಗರಿಗೆ ರುಮಾಲು ಸುತ್ತುತ್ತಾರಲ್ಲ, ಹೆಣ್ಣುಮಕ್ಕಳದು ಅದಕ್ಕಿಂತ ದೊಡ್ಡದು, ನೋಡಲು ಬಲು ಚಂದ. ಅಂದರೆ ಒಂದು ಮದುವೆ ಬಂತೆಂದರೆ ಟೇಲರ್‌ಗೆ ಐವತ್ತು ಬಟ್ಟೆ ಬಂದ ಹಾಗೆ. ಅಲ್ಲಿ ಹೊಲಿಗೆ ಅನ್ನುವುದು ದೊಡ್ಡ ವ್ಯಾಪಾರ. ಇಲ್ಲಿಯ ಲೆಕ್ಕ ಬೇರೆ, ಹಾಗಾಗಿ ನೀನೂ ಅವರಷ್ಟೇ ಆಗಬೇಕಿತ್ತು ಅಂತ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನೀನು ಮಾಡಬಹುದಾದದ್ದು ಹೇಳುತ್ತೇನೆ. ಟೇಲರ್ ಕೆಲಸ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಒಂದು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ತರಬೇತಿ ಕೊಡುತ್ತಾರೆ, ತರಬೇತಿಯ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು. ಅದಾದಮೇಲೆ ಅಡವು ಇಲ್ಲದೆ ಮೊದಲು 1 ಲಕ್ಷದವರೆಗೆ ಸಾಲ, ತೀರಿಸಿದರೆ ಮತ್ತೆ 2 ಲಕ್ಷದವರೆಗೆ, ನಿನ್ನ ಕೈಯಿಂದ ಹೋಗುವ ಬಡ್ಡಿ ನೂರಕ್ಕೆ 5. ಒಂದು ಮನೆಯಲ್ಲಿ ಒಬ್ಬರಿಗೆ ಮಾತ್ರ. ನಿನ್ನ ಹತ್ತಿರದ ಸೇವಾ ಕೇಂದ್ರದಲ್ಲಿ ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಕೇಳು. ಅರ್ಜಿ ನಿನ್ನ ಹೆಸರಲ್ಲೇ ಇರಲಿ. ಗಂಡನ ಹೆಸರಲ್ಲಿ ಹಾಕಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಇಷ್ಟು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮವ್ವ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ ಒಂದು ಪ್ಲಾಟು ಬಂತು, ಅದರ ಕಾಗದದಲ್ಲಿ ಅವಳ ಹೆಸರೇ ಇರಲಿಲ್ಲ. ಮುಂದೆ ಆ ಪ್ಲಾಟು ಮಾರಿಹೋದಾಗ ಅವಳನ್ನು ಯಾರೂ ಕೇಳಲಿಲ್ಲ. ಅವತ್ತು ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಇದ್ದಳು, ತಟ್ಟೆಗೆ ಎರಡರ ಬದಲು ನಾಲ್ಕು ರೊಟ್ಟಿ ಹಾಕಿ ಸುಮ್ಮನೆ ನಿಂತಿದ್ದಳು. ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪ್ರಶ್ನೆ: ಟೇಲರ್ ಅಂತೀರಿ, ಸಮುದ್ರ ಅಂತೀರಿ. ಬಟ್ಟೆ ಹೊಲಿಯುವವರಿಗೆ ಸಮುದ್ರದ ಎಣ್ಣೆ ಯಾರು ಕೊಟ್ಟರು? ಎಣ್ಣೆ ಲೈಸೆನ್ಸ್ ಅಂದರೆ ಏನು? (ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಒಳ್ಳೆ ಪ್ರಶ್ನೆ ಅಣ್ಣಾವರೇ, ಇಡೀ ಕಥೆಯ ಜೀವ ಇಲ್ಲಿದೆ.

ನೈಜೀರಿಯಾದಲ್ಲಿ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಒಲೊಯಿಬಿರಿ ಎಂಬ ಹಳ್ಳಿಯಲ್ಲಿ. ಅವತ್ತಿನಿಂದ ಅದರ ಲಾಭ ಜಾಸ್ತಿ ಉಂಡದ್ದು ಹೊರದೇಶದ ಕಂಪನಿಗಳು. 1990ರ ಸುಮಾರಿಗೆ ಅಲ್ಲಿಯ ಸರ್ಕಾರ ನಮ್ಮ ದೇಶದವರಿಗೂ ಸ್ವಲ್ಪ ಪಾಲು ಸಿಗಲಿ ಅಂತ ಸಮುದ್ರವನ್ನು ತುಂಡು ತುಂಡು ಗುರುತು ಹಾಕಿ ಅಲ್ಲಿಯ ಕಂಪನಿಗಳಿಗೆ ಹಂಚತೊಡಗಿತು. ಲೈಸೆನ್ಸ್ ಅಂದರೆ ಎಣ್ಣೆ ಕೈಗೆ ಬಂದ ಹಾಗಲ್ಲ. ಇಷ್ಟು ಜಾಗದಲ್ಲಿ ಎಣ್ಣೆ ಹುಡುಕಿಕೋ ಅಂತ ಕೊಡುವ ಅನುಮತಿ ಪತ್ರ ಅಷ್ಟೇ. ಸಿಗಲಿಲ್ಲ ಅಂದರೆ ಹಾಕಿದ ದುಡ್ಡು ಹೋಯಿತು.

ಅಲಾಕಿಜಾ ಅವರು ಮೊದಲು ಎಣ್ಣೆಯ ಕಡೆ ಹೋದದ್ದು ಗೆಳತಿಯೊಬ್ಬರ ಕೆಲಸಕ್ಕೆ. ಯಾವುದೋ ಹೊರಗಿನ ಕಂಪನಿಗೆ ಎಣ್ಣೆ ಖರೀದಿಗೆ ಅವಕಾಶ ಕೊಡಿಸಿ ಅಂತ ಮಂತ್ರಿಯ ಹತ್ತಿರ ಕೇಳಲು ಹೋದರು. ಆ ಕೆಲಸ ಆಗಲಿಲ್ಲ. ಆದರೆ ಈ ದೇಶದವರು ಸ್ವಂತ ಲೈಸೆನ್ಸ್ ಕೇಳಬಹುದು ಅನ್ನುವುದು ಗೊತ್ತಾಯಿತು. ಫಾಮ್ಫಾ ಆಯಿಲ್ ಅಂತ ಮನೆಯವರದೇ ಕಂಪನಿ ಮಾಡಿ 1993ರಲ್ಲಿ ಅರ್ಜಿ ಹಾಕಿದರು. ಅದೇ ವರ್ಷ ಒಪಿಎಲ್ 216 ಎಂಬ ತುಂಡು ಅವರ ಕಂಪನಿಗೆ ಬಂತು.

ಎಷ್ಟು ದೊಡ್ಡದು ಅಂತೀರಿ? 6 ಲಕ್ಷದ 17 ಸಾವಿರ ಎಕರೆ. ನಿಮ್ಮ ಯಾದಗಿರಿ ಜಿಲ್ಲೆಯ ಸುಮಾರು ಅರ್ಧದಷ್ಟು. ದಂಡೆಯಿಂದ ಸುಮಾರು 110 ಕಿಲೋಮೀಟರ್ ಒಳಗೆ, ಅಂದರೆ ಕಲಬುರಗಿಯಿಂದ ಬೀದರ್‌ಗೆ ರೈಲಿನಲ್ಲಿ ಹೋದಷ್ಟು ದೂರ, ಬರೀ ನೀರಿನ ಮೇಲೆ. ನಮ್ಮ ಕಡೆ 500 ಅಡಿ ಬೋರ್ ಕೊರೆಸಿದರೆ ಸಾಲದ ಹೊರೆ ಮೈಮೇಲೆ ಬರುತ್ತದೆ. ಅಲ್ಲಿ ಕೊರೆಯುವುದು ಹಾಗಿರಲಿ, ನೆಲ ಮುಟ್ಟುವ ಮೊದಲೇ ಸುಮಾರು 4,800 ಅಡಿ ನೀರು. 1993ರಲ್ಲಿ ಅಷ್ಟು ಆಳದ ನೀರಿನಲ್ಲಿ ಎಣ್ಣೆ ತೆಗೆಯುವುದು ದೊಡ್ಡ ದೊಡ್ಡ ಕಂಪನಿಗಳಿಗೂ ಹೊಸದು, ಖರ್ಚು ವಿಪರೀತ. ಹಾಗಾಗಿ ಆ ತುಂಡು ಯಾರಿಗೂ ಬೇಡವಾಗಿತ್ತು. ಬೇಡದ್ದನ್ನೇ ಇವರಿಗೆ ಕೊಟ್ಟರು ಅನ್ನಿ.

ಕೊಟ್ಟಮೇಲೆ ಏನಾಯಿತು? ಮೂರು ವರ್ಷ ಏನೂ ಆಗಲಿಲ್ಲ. ಕೈಯಲ್ಲಿ ಕಾಗದ ಹಿಡಿದು ಕಂಪನಿ ಕಂಪನಿ ಸುತ್ತಿದರು. ನಮ್ಮಲ್ಲಿ ಕಲ್ಲು ಹೊಲ ಪಾಲಿಗೆ ಬಂದವರು ಲಾವಣಿಗೆ (ಗೇಣಿಗೆ) ಹಾಕಲು ಮನೆ ಮನೆ ತಿರುಗಿದ ಹಾಗೆ. ಕೊನೆಗೆ 1996ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಎಣ್ಣೆ ಕಂಪನಿ ಟೆಕ್ಸಾಕೋದ ಒಂದು ಶಾಖೆ ಒಪ್ಪಿತು. ಯಂತ್ರ ಅವರದು, ತಿಳಿವಳಿಕೆ ಅವರದು, ಖರ್ಚು ಅವರದು. ಅದಕ್ಕೆ ಪ್ರತಿಯಾಗಿ ಅವರಿಗೆ ನೂರಕ್ಕೆ 40 ಪಾಲು. ಉಳಿದ 60 ಫಾಮ್ಫಾದ ಹೆಸರಲ್ಲೇ ಉಳಿಯಿತು.

ಇಲ್ಲಿ ಒಂದು ಗಳಿಗೆ ನಿಲ್ಲಿ. ಮೂರು ವರ್ಷ ಸುತ್ತಿ ಸುಸ್ತಾದವರ ಎದುರು ಅಷ್ಟು ದೊಡ್ಡ ಕಂಪನಿ ಬಂದು ಕೂತಾಗ ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಇಷ್ಟು ದುಡ್ಡು ಕೊಡಿ, ಪೂರ್ತಿ ನೀವೇ ಇಟ್ಟುಕೊಳ್ಳಿ ಅಂದುಬಿಡುತ್ತಿದ್ದೆವು. ಲೈಸೆನ್ಸ್ ಪಡೆದು ಮಾರಿ ಕೈತೊಳೆದುಕೊಂಡವರು ಅಲ್ಲಿಯೂ ಇದ್ದರು. ಇವರು ಹಾಗೆ ಮಾಡಲಿಲ್ಲ. ನನಗೆ ಇವರ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿಯೇ, ಮುಂದೆ ಬಂದ ಕೋಟಿಗಳ ಲೆಕ್ಕ ನೋಡಿ ಅಲ್ಲ.

1998ರ ಹೊತ್ತಿಗೆ ಎಣ್ಣೆ ಸಿಕ್ಕಿತು. ಸಿಕ್ಕ ಜಾಗಕ್ಕೆ ಅಗ್ಬಾಮಿ ಅಂತ ಹೆಸರು. ಸಿಕ್ಕ ಕೂಡಲೇ ದುಡ್ಡು ಬಂತು ಅಂದುಕೊಳ್ಳಬೇಡಿ, ಬಾವಿಯಿಂದ ಎಣ್ಣೆ ಹರಿದದ್ದು 2008ರಲ್ಲಿ. ಅರ್ಜಿ ಹಾಕಿ ಹದಿನೈದು ವರ್ಷ! ಸಮುದ್ರದ ಮೇಲೆ ಒಂದು ಭಾರಿ ಹಡಗು ನಿಲ್ಲಿಸಿ, ತಳದಿಂದ ಎಣ್ಣೆ ಎಳೆದು, ಅಲ್ಲೇ ತುಂಬಿಟ್ಟು, ಬೇರೆ ಹಡಗುಗಳಿಗೆ ದಾಟಿಸುತ್ತಾರೆ. ಜೋರು ಇದ್ದಾಗ ದಿನಕ್ಕೆ 2.5 ಲಕ್ಷ ಬ್ಯಾರೆಲ್ ಬರುತ್ತಿತ್ತು. ಒಂದು ಬ್ಯಾರೆಲ್ ಅಂದರೆ 159 ಲೀಟರ್. ದಿನಕ್ಕೆ ಸುಮಾರು 4 ಕೋಟಿ ಲೀಟರ್ ಆಯಿತು.

ಪ್ರಶ್ನೆ: ಎಣ್ಣೆ ಸಿಕ್ಕಮೇಲೆ ಸರ್ಕಾರ ಸುಮ್ಮನೆ ಬಿಟ್ಟಿತಾ? (ಕಾನೂನು ವಿದ್ಯಾರ್ಥಿ, ಕಲಬುರಗಿ)

ಉತ್ತರ: ಬಿಡಲಿಲ್ಲ ತಮ್ಮಾ. ಬೇಡವಾಗಿದ್ದ ಹೊಲದಲ್ಲಿ ನಿಧಿ ಸಿಕ್ಕಿತು ಅಂದರೆ ಊರೆಲ್ಲ ಬರುತ್ತದಲ್ವಾ. ಅಧ್ಯಕ್ಷ ಒಬಸಾಂಜೊ ಅವರ ಕಾಲದಲ್ಲಿ ಸರ್ಕಾರ ಮೊದಲು ನೂರಕ್ಕೆ 40 ಪಾಲು ತೆಗೆದುಕೊಂಡಿತು, ಆಮೇಲೆ ಇನ್ನೂ 10. ಇವರ 60ರಲ್ಲಿ 50 ಹೋಗಿ ಬರೀ 10 ಉಳಿಯಿತು. ಇವರು ಕೋರ್ಟಿಗೆ ಹೋದರು. ದೇಶದ ಎಣ್ಣೆಯಲ್ಲಿ ಸರ್ಕಾರಕ್ಕೆ ಪಾಲು ಇರಬಾರದು ಅನ್ನುವ ವಾದ ಅಲ್ಲ ಅದು, ಪಾಲು ತೆಗೆದುಕೊಳ್ಳುವುದಕ್ಕೂ ಒಂದು ಕ್ರಮ ಇದೆ, ಆ ಕ್ರಮ ಬಿಟ್ಟು ಕಿತ್ತುಕೊಂಡಿದ್ದೀರಿ ಎನ್ನುವುದು. ಕೆಳಗಿನ ಕೋರ್ಟು, ಮೇಲಿನ ಕೋರ್ಟು ಅಂತ ವರ್ಷಗಟ್ಟಲೆ ನಡೆದು 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಫಾಮ್ಫಾ ಪರ ತೀರ್ಪು ಕೊಟ್ಟಿತು. ಅದಾದಮೇಲೆ ಲೋಕಕ್ಕೆ ಅವರ ಹೆಸರು ಗೊತ್ತಾದದ್ದು. ಫೋರ್ಬ್ಸ್ ಪತ್ರಿಕೆ 2014ರಲ್ಲಿ ಲೋಕದ ಪ್ರಭಾವಿ ಹೆಣ್ಣುಮಕ್ಕಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಅದೇ ಪತ್ರಿಕೆ ಅವರ ಆಸ್ತಿ 100 ಕೋಟಿ ಡಾಲರ್ ಅಂತ ಅಂದಾಜು ಮಾಡಿತ್ತು, ಆವತ್ತಿನ ಲೆಕ್ಕಕ್ಕೆ ನಮ್ಮ ಏಳು ಸಾವಿರ ಕೋಟಿ ರೂಪಾಯಿ. ಎಣ್ಣೆಯ ದರ ಏರಿಳಿದ ಹಾಗೆ ಇದೂ ಏರಿಳಿಯುತ್ತದೆ, ಅದರ ಹಿಂದೆ ಬೀಳುವುದು ಬೇಡ.

ಪ್ರಶ್ನೆ: ಎಲ್ಲಾ ವಶೀಲಿ ಕೆಲಸ. ದೊಡ್ಡವರ ಹೆಂಡತಿಗೆ ಬಟ್ಟೆ ಹೊಲಿದರು, ಲೈಸೆನ್ಸ್ ಬಂತು. ಇಂಥವರನ್ನು ನಮ್ಮ ಮಕ್ಕಳಿಗೆ ಯಾಕೆ ತೋರಿಸುತ್ತೀರಿ? (ನಿವೃತ್ತ ನೌಕರರು, ಹುಮನಾಬಾದ್)

ಉತ್ತರ: ಹಿರಿಯರೇ, ನಿಮ್ಮ ಸಿಟ್ಟಿನಲ್ಲಿ ನಿಜ ಇದೆ. ಆಗ ನೈಜೀರಿಯಾದಲ್ಲಿ ಸೈನ್ಯದ ಆಡಳಿತ. 1985ರಿಂದ 1993ರವರೆಗೆ ಜನರಲ್ ಬಬಂಗಿಡ ಆಳಿದರು. ಅವರ ಹೆಂಡತಿ ಮರಿಯಂ ಬಬಂಗಿಡ ಅಲಾಕಿಜಾ ಅವರ ಗಿರಾಕಿಯಾಗಿದ್ದರು ಅಂತ ಪತ್ರಿಕೆಗಳು ಬರೆದಿವೆ. ಸಮುದ್ರದ ತುಂಡುಗಳನ್ನು ಹರಾಜು ಹಾಕಿ ಕೊಟ್ಟದ್ದಲ್ಲ, ಮೇಲಿನವರು ಮನಸ್ಸಿಗೆ ಬಂದವರಿಗೆ ಕೊಟ್ಟದ್ದು. ಇಕೊರೊಡುವಿನ ಬಜಾರಿನಲ್ಲಿ ಟೊಮೆಟೊ ಮಾರುವ ಹೆಂಗಸು ಹೋಗಿ ಅರ್ಜಿ ಕೊಟ್ಟಿದ್ದರೆ ಬಾಗಿಲೊಳಗೂ ಬಿಡುತ್ತಿರಲಿಲ್ಲ. ಇದನ್ನು ನಾನು ಒಪ್ಪುತ್ತೇನೆ.

ಇನ್ನೂ ಒಂದು ಸೇರಿಸುತ್ತೇನೆ. ನೈಜರ್ ನದಿ ಸಮುದ್ರ ಸೇರುವ ಬಯಲಿನಲ್ಲಿ ಎಣ್ಣೆ ಸೋರಿ ಹೊಲ ಹಾಳಾಗಿವೆ, ಮೀನು ಸತ್ತಿವೆ, ಹಳ್ಳಿಗಳ ಜನ ಬೀದಿಗೆ ಬಂದಿದ್ದಾರೆ. ಅಗ್ಬಾಮಿ ಇರುವುದು ದೂರದ ಸಮುದ್ರದಲ್ಲಿ, ಆದರೂ ಆ ದೇಶದ ಎಣ್ಣೆ ಕೆಲವರ ಮನೆ ತುಂಬಿ ಕೋಟಿಗಟ್ಟಲೆ ಜನರ ಒಲೆಗೆ ಬರಲಿಲ್ಲ ಎನ್ನುವ ಮಾತು ಉಳಿದೇ ಉಳಿಯುತ್ತದೆ. ನಮ್ಮ ಭಾಗದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಸಿಮೆಂಟಿನ ಕಲ್ಲು ನಮ್ಮ ನೆಲದಿಂದ ಹೋಗುತ್ತದೆ, ಧೂಳು ನಮ್ಮ ತೊಗರಿ ಹೂವಿನ ಮೇಲೆ ಕೂರುತ್ತದೆ.

ಹಾಗಾದರೆ ಯಾಕೆ ತೋರಿಸುತ್ತೇನೆ ಅಂದರೆ, ಬಾಗಿಲು ತೆರೆದದ್ದು ಪರಿಚಯ ಇರಬಹುದು, ಒಳಗೆ ಹೋದಮೇಲಿನ ಹತ್ತೊಂಬತ್ತು ವರ್ಷ ಪರಿಚಯದಿಂದ ನಡೆದದ್ದಲ್ಲ. ಬಬಂಗಿಡ ಅದೇ 1993ರಲ್ಲಿ ಇಳಿದುಹೋದರು. ಆಮೇಲೆ ಬಂದ ಸರ್ಕಾರವೇ ಇವರ ಪಾಲು ಕಿತ್ತುಕೊಂಡದ್ದು. ಆಗ ಇವರ ಕೈಯಲ್ಲಿ ಇದ್ದದ್ದು ಸಹಿ, ಸೀಲು ಬಿದ್ದ ಕಾಗದ, ಅದರ ಮೇಲೆ ಅವರ ಕಂಪನಿಯ ಹೆಸರು. ಅದನ್ನು ಹಿಡಿದೇ ಕೋರ್ಟು ಹತ್ತಿದರು. ನಮ್ಮ ಹೆಣ್ಣುಮಕ್ಕಳಿಗೆ ನಾನು ತೋರಿಸುತ್ತಿರುವುದು ಇಷ್ಟನ್ನೇ. ನಿಮ್ಮ ಮಾತನ್ನೂ ಅವರಿಗೆ ಹೇಳಿಯೇ ತೋರಿಸುತ್ತೇನೆ.

ಪ್ರಶ್ನೆ: ಗಂಡ ಏನು ಮಾಡುತ್ತಿದ್ದರು? ಹೆಂಡತಿ ದುಡಿಮೆಯಲ್ಲಿ ಕೂತು ಉಂಡರಾ? (ಚಿತ್ತಾಪುರ)

ಉತ್ತರ: ಇಲ್ಲ. ವಕೀಲರು, ಫಾಮ್ಫಾದ ಅಧ್ಯಕ್ಷರೂ ಅವರೇ. ಮಕ್ಕಳೂ ಅದೇ ಕೆಲಸದಲ್ಲಿದ್ದಾರೆ. ಮನೆಯವರೆಲ್ಲ ಕೂಡಿ ನಡೆಸಿದ್ದು.

ಪ್ರಶ್ನೆ: ದಾನ ಧರ್ಮ ಮಾಡಿದ್ದಾರೆ ಅಂದಿರಿ. ದುಡ್ಡು ಉಕ್ಕಿ ಹರಿದಮೇಲೆ ಕೊಡುವುದು ದಾಸೋಹ ಆಗುತ್ತಾ? (ಬಸವಕಲ್ಯಾಣ)

ಉತ್ತರ: ಬಸವಕಲ್ಯಾಣದಿಂದ ಈ ಪ್ರಶ್ನೆ ಬರದಿದ್ದರೆ ಎಲ್ಲಿಂದ ಬರಬೇಕು! ದಾಸೋಹ ಅನ್ನುವ ಪದ ನಾನು ಅವರಿಗೆ ಹಚ್ಚುವುದಿಲ್ಲ. ಕಲಬುರಗಿ ಶರಣಬಸವಪ್ಪನವರ ಅನ್ನ ಬೇರೆ ಹದದ್ದು. ಅಲ್ಲಿ ದುಡಿಮೆ, ನೀಡುವುದು ಎರಡೂ ಒಟ್ಟಿಗೇ ನಡೆದವು. ಇವರದು ಗಳಿಸಿ ಆಮೇಲೆ ಕೊಟ್ಟದ್ದು. ಆದರೆ ಕೊಡುವಾಗ ಯಾರನ್ನು ಆರಿಸಿಕೊಂಡರು ನೋಡಿ. 2008ರಲ್ಲಿ, ಎಣ್ಣೆ ಹರಿದ ಅದೇ ವರ್ಷ, ರೋಸ್ ಆಫ್ ಶರನ್ ಫೌಂಡೇಷನ್ ಅಂತ ಮಾಡಿದರು. ಅದು ಇರುವುದು ಗಂಡ ತೀರಿಕೊಂಡ ಹೆಂಗಸರಿಗೆ, ಅವರ ಮಕ್ಕಳಿಗೆ, ತಬ್ಬಲಿಗಳಿಗೆ. ವ್ಯಾಪಾರ ಶುರು ಮಾಡಲು ಹೆಂಗಸರಿಗೆ ಬಂಡವಾಳ, ಮಕ್ಕಳಿಗೆ ಓದಿನ ಖರ್ಚು.

1991ರಲ್ಲಿ, ನಲವತ್ತರ ವಯಸ್ಸಿಗೆ, ಅವರು ಕ್ರೈಸ್ತ ನಂಬಿಕೆಗೆ ಗಾಢವಾಗಿ ತಿರುಗಿದವರು. ಬೈಬಲಿನಲ್ಲಿ ವಿಧವೆಯರು, ತಬ್ಬಲಿಗಳು ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅದೊಂದು ಕಾರಣ. ಇನ್ನೊಂದು ಆ ದೇಶದ ಪರಿಸ್ಥಿತಿ. ಅಲ್ಲಿಯ ಬಹಳ ಕಡೆ ಗಂಡ ಸತ್ತನೆಂದರೆ ಅವನ ಅಣ್ಣತಮ್ಮಂದಿರು ಬಂದು ಮನೆ, ಹೊಲ, ಪಾತ್ರೆ ಪಗಡಿ ಎಲ್ಲಾ ತಮ್ಮದೆನ್ನುವ ರೂಢಿ ಇದೆ. ಕೆಲವು ಸಮುದಾಯಗಳಲ್ಲಿ ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತಿಯೂ ಇಲ್ಲ. ಇದು ಸಂವಿಧಾನಕ್ಕೆ ವಿರುದ್ಧ ಅಂತ 2014ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ಕೋರ್ಟು ಹೇಳಿದರೂ ಊರು ಕೇಳಬೇಕಲ್ಲ. ಅದಕ್ಕೇ ಆ ಹೆಂಗಸರ ಕೈಗೆ ಒಂದಿಷ್ಟು ದುಡ್ಡು, ಒಂದು ಕಸುಬು ಬಂದರೆ ಅದು ದೊಡ್ಡ ಕೆಲಸ ಅಂತಲೇ ನನ್ನ ನಂಬಿಕೆ.

ಪ್ರಶ್ನೆ: ನನ್ನ ಪ್ರಶ್ನೆ ಆಕೆಯ ಬಗ್ಗೆ ಅಲ್ಲರೀ. ಮನೆಯವರು ಹೋಗಿ ಮೂರು ವರ್ಷ ಆಯ್ತು. ಅವರ ಹೆಸರಲ್ಲಿ ನಾಲ್ಕು ಎಕರೆ ಹೊಲ ಇದೆ. ಒಬ್ಬ ಮಗ, ಒಬ್ಬಳು ಮಗಳು, ಇಬ್ಬರೂ ಶಾಲೆಗೆ ಹೋಗ್ತಾರೆ. ಅತ್ತೆ ಇದ್ದಾರೆ. ನಮ್ಮ ಭಾವ ಹೊಲ ತಾವು ನೋಡ್ಕೋತೀನಿ, ವರ್ಷಕ್ಕೆ ಎರಡು ಚೀಲ ತೊಗರಿ ಕೊಡ್ತೀನಿ, ಒಂದು ಸಹಿ ಹಾಕು ಅಂತಾರೆ. ನಿಮ್ಮ ಅಂಕಣ ಓದಿ ಕೇಳಬೇಕು ಅನಿಸ್ತು. (ಚಿಂಚೋಳಿ ತಾಲೂಕು)

ಉತ್ತರ: ತಾಯಿ, ನಿಮ್ಮ ಪತ್ರವನ್ನು ಬೇಕೆಂತಲೇ ಕೊನೆಗೆ ಇಟ್ಟುಕೊಂಡೆ.

ಸಹಿ ಹಾಕಬೇಡಿ. ಹೆಬ್ಬೆಟ್ಟೂ ಒತ್ತಬೇಡಿ. ನಿಮ್ಮ ಭಾವ ಒಳ್ಳೆಯವರೇ ಇರಬಹುದು, ಹೊಲ ಅವರೇ ಮಾಡಲಿ, ಅದಕ್ಕೆ ಸಹಿ ಯಾಕೆ ಬೇಕು? ಲಾವಣಿಗೆ ಕೊಡುವುದು ಬೇರೆ, ಹಕ್ಕು ಬಿಡುಗಡೆ ಪತ್ರ ಬೇರೆ. ಅವರು ತಂದ ಕಾಗದ ಯಾವುದು ಅಂತ ನಿಮಗೆ ಓದಿ ಹೇಳುವವರು ಬೇಕು. ನಿಮ್ಮ ಮಗಳು ಎಂಟನೇ ಕ್ಲಾಸು ಅಂತ ಬರೆದಿದ್ದೀರಿ. ಅವಳೇ ಜೋರಾಗಿ ಓದಲಿ, ಮನೆಯವರೆಲ್ಲ ಕೇಳಲಿ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಿಂದ ಇದೆ. ವಿಲ್ ಬರೆಯದೆ ಗಂಡ ತೀರಿಕೊಂಡರೆ ಅವನ ಪಾಲಿನ ಆಸ್ತಿಗೆ ಹೆಂಡತಿ, ಮಗ, ಮಗಳು, ಅವನ ತಾಯಿ ವಾರಸುದಾರರು, ಎಲ್ಲರಿಗೂ ಸಮ ಪಾಲು. ಅಂದರೆ ನೀವು, ಇಬ್ಬರು ಮಕ್ಕಳು, ನಿಮ್ಮ ಅತ್ತೆ, ನಾಲ್ಕು ಜನ. ಅತ್ತೆಯವರನ್ನು ದೂರ ಮಾಡಬೇಡಿ, ಅವರಿಗೂ ಹಕ್ಕಿದೆ, ಅವರು ನಿಮ್ಮ ಜೊತೆ ನಿಂತರೆ ಅರ್ಧ ಕೆಲಸ ಆದ ಹಾಗೆ. ಪಹಣಿಯಲ್ಲಿ ನಿಮ್ಮವರ ಹೆಸರು ಒಂದೇ ಇದ್ದರೆ ಭಾವನವರಿಗೆ ಈ ನಾಲ್ಕು ಎಕರೆಯಲ್ಲಿ ಸಾಮಾನ್ಯವಾಗಿ ಪಾಲು ಬರುವುದಿಲ್ಲ. ಹಿರಿಯರ ಆಸ್ತಿ, ಇನ್ನೂ ವಾಟ್ನಿ (ಪಾಲು) ಆಗಿಲ್ಲ ಅಂತಿದ್ದರೆ ಲೆಕ್ಕ ಬೇರೆ. ಅದಕ್ಕೆ ಮೊದಲು ಪಹಣಿ ತೆಗೆಸಿ ನೋಡಿ.

ಬೇಕಾಗುವ ಕಾಗದ ಹೇಳುತ್ತೇನೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂಡಿಸಿ ಇಡಿ. ಗಂಡನ ಮರಣ ಪ್ರಮಾಣ ಪತ್ರ, ವಂಶಾವಳಿ, ಪಹಣಿ ಪ್ರತಿ, ನಾಲ್ಕೂ ಜನರ ಆಧಾರ್. ಇದನ್ನು ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ ಮಾಡಲು, ಅರ್ಜಿ ಕೊಡಿ. ಮಕ್ಕಳು ಚಿಕ್ಕವರಿದ್ದರೂ ಅವರ ಹೆಸರು ಸೇರುತ್ತದೆ, ಪಾಲಕರು ಅಂತ ನಿಮ್ಮ ಹೆಸರು ಬರುತ್ತದೆ. ಅರ್ಜಿ ಕೊಟ್ಟಮೇಲೆ ಸ್ವೀಕೃತಿ ಚೀಟಿ ಕೇಳಿ ತಗೊಳ್ಳಿ. ನಾಳೆ ಬಾ ಅಂದರೆ ನಾಳೆ ಹೋಗಿ. ಯಾರಾದರೂ ತಕರಾರು ಹಾಕಿದರೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಸರ್ಕಾರವೇ ಪುಕ್ಕಟೆ ಕೊಡಬೇಕು ಅಂತ ಕಾನೂನಿದೆ. ಚಿಂಚೋಳಿ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಇಲ್ಲಾಂದರೆ 15100 ನಂಬರಿಗೆ ಫೋನ್ ಮಾಡಿ.

ಭಾವನವರಿಗೆ ಏನು ಹೇಳಲಿ ಅಂತ ಪತ್ರದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೀರಿ. "ಖಾತೆ ನಮ್ಮ ನಾಲ್ವರ ಹೆಸರಿಗೆ ಆಗಲಿ, ಆಮೇಲೆ ಹೊಲ ನೀವೇ ಮಾಡ್ರಿ, ತೊಗರಿ ಎಷ್ಟು ಚೀಲ ಅನ್ನೋದು ಆಗ ಕೂತು ಮಾತಾಡೋಣ" ಅನ್ನಿ. ಜಗಳದ ಮಾತೇ ಇಲ್ಲ ಅದರಲ್ಲಿ.

ಮುಂದಿನ ಪತ್ರದಲ್ಲಿ ನನಗೆ ಅರ್ಜಿ ನಂಬರ್ ಬರೆದು ಕಳಿಸಿ. ಕಾಯುತ್ತಿರುತ್ತೇನೆ.